ಕುಂಬಳಕಾಯಿಗೆ ರಕ್ತ ಬರುವುದಿಲ್ಲ

ಗುಡಾರ ಕೊಳ್ಳಬೇಕೆಂದಿರುವ ಕನ್ನಡಿಗರಿಗೆ ನನ್ನದೊಂದು ಸಲಹೆ ಇದೆ, ಪುಕ್ಕಟೆ. ಬಟ್ಟೆಯ ಮೇಲೆ ನೀರು ಸುರಿದು ಸೋರುತ್ತದೆಯೇ ಎಂದು ನೋಡುವುದು ಆಮೇಲೆ. ಗೂಟಗಳನ್ನು ಬಗ್ಗಿಸಿ ನೋಡುವುದೂ ಆಮೇಲೆ. ಮೊದಲು ಬೇಲಿಯಾಚೆಯ ಮನೆಯವನು ಯಾರೆಂದು ವಿಚಾರಿಸಿ. ನಮ್ಮ ಬಸವಪ್ರಸಾದ ವಿಚಾರಿಸಲಿಲ್ಲ. ಅದರ ಫಲವನ್ನು ಅವನಷ್ಟೇ ಅಲ್ಲ, ಹೋಳಿಗೆ ಊಟಕ್ಕೆಂದು ಅವನ ಮನೆಗೆ ಹೋಗಿದ್ದ ನಾನೂ ಅನುಭವಿಸಿದೆ.

ಜರ್ಮನಿಯವರು ಕಂಪ್ಯೂಟರ್ ಬಲ್ಲವರು ಬೇಕೆಂದು ಗ್ರೀನ್ ಕಾರ್ಡ್ ಎಂಬ ಹೆಸರಿನಲ್ಲಿ ನಮ್ಮನ್ನೆಲ್ಲ ಕರೆಸಿಕೊಂಡ ಕಾಲ ಅದು. ನಾನು ದ್ವಾರಕನಾಥ, ಮೈಸೂರಿನವನು. ಬಸವಪ್ರಸಾದ ಗುಳೇದಗುಡ್ಡದವನು. ಇಬ್ಬರೂ ನ್ಯೂರೆಂಬರ್ಗಿನ ಒಂದೇ ಕಂಪನಿಯಲ್ಲಿ ಎದುರುಬದುರು ಕೂತು ಕೆಲಸ ಮಾಡುತ್ತಿದ್ದೆವು. ನಾನು ಪಟ್ಟಣದ ನಡುವೆ ಒಂದು ಕೋಣೆಯಲ್ಲಿದ್ದೆ. ಅವನು ಹೆಂಡತಿ ಕೀರ್ತಿ, ಕಿಂಡರ್‌ಗಾರ್ಟನ್ನಿಗೆ ಹೋಗುವ ಮಗಳು ಪವಿಯೊಂದಿಗೆ ಪಟ್ಟಣದ ಹೊರಗಿನ ಹಳ್ಳಿಯಲ್ಲಿ ಹಿತ್ತಲಿರುವ ಮನೆ ಹಿಡಿದಿದ್ದ. ಎಲ್ಲ ಅನಾಹುತಗಳ ಮೂಲ ಆ ಹಿತ್ತಲು.

ಸೋಮವಾರ ಬೆಳಿಗ್ಗೆ ಆಫೀಸಿನ ಕಾಫಿ ಯಂತ್ರದ ಮುಂದೆ ಜರ್ಮನರು ತಮ್ಮ ರಜೆಯ ವರದಿ ಒಪ್ಪಿಸುತ್ತಿದ್ದರು. ಒಬ್ಬ ಬೆಟ್ಟ ಹತ್ತಿರುತ್ತಿದ್ದ, ಇನ್ನೊಬ್ಬ ಹೊಳೆಯಲ್ಲಿ ದೋಣಿ ನಡೆಸಿರುತ್ತಿದ್ದ, ಲೆಕ್ಕ ವಿಭಾಗದ ಅಜ್ಜಿಯೊಬ್ಬಳು ಕೂಡ ಕಾಡಿನಲ್ಲಿ ಮಲಗೆದ್ದು ಬಂದಿರುತ್ತಿದ್ದಳು. ಬಸವಪ್ರಸಾದನ ಸರದಿ ಬಂದಾಗ ಅವನು "ಬಟ್ಟೆ ಒಗೆದೆ, ಊರಿಗೆ ಫೋನ್ ಮಾಡಿದೆ" ಎನ್ನುತ್ತಿದ್ದ. ಎಲ್ಲರೂ ಅಯ್ಯೋ ಪಾಪ ಎಂಬಂತೆ ಅವನನ್ನು ನೋಡುತ್ತಿದ್ದರು. ಮನುಷ್ಯ ಬೈಗುಳ ತಡೆದುಕೊಳ್ಳಬಲ್ಲ, ಕನಿಕರ ತಡೆದುಕೊಳ್ಳಲಾರ. ಅಗ್ಗದ ಅಂಗಡಿಯೊಂದರಲ್ಲಿ ಗುಡಾರಗಳ ಆಂಗೆಬೋಟ್ ಬಿದ್ದ ದಿನ, ಅಂದರೆ ರಿಯಾಯಿತಿ ಮಾರಾಟದ ದಿನ, ಅಂಗಡಿಯ ಬಾಗಿಲು ತೆರೆಯುವ ಮೊದಲೇ ಅವನು ಸಾಲಿನಲ್ಲಿ ನಿಂತಿದ್ದ.

ಗುಡಾರ ಎಂದೂ ಒಂಟಿಯಾಗಿ ಮನೆಗೆ ಬರುವುದಿಲ್ಲ. ಗೂಟ ಬಡಿಯಲು ಸುತ್ತಿಗೆ ಬೇಕಾಯಿತು. ಸುತ್ತಿಗೆ ಬಂದ ಮೇಲೆ ಕಟ್ಟಿಗೆ ಒಡೆಯಲು ಕೈಗೊಡಲಿ ಬಂತು. ಕೊಡಲಿಗೆ ಜೊತೆಯಾಗಿ ಮೊಳಕೈಯುದ್ದದ ಬೇಟೆ ಚಾಕು ಬಂತು, ಅದರಿಂದ ಬಸವಪ್ರಸಾದ ಸೌತೆಕಾಯಿ ಹೆಚ್ಚುತ್ತಿದ್ದ. ಹಣೆಗೆ ಕಟ್ಟುವ ದೀಪ, ಮಡಚುವ ಗರಗಸ, ಹೊಗೆ ಹಿಡಿಯದ ಕೆಟಲು, ಕೊನೆಗೆ ಹಳೆ ಸಾಮಾನಿನ ಸಂತೆಯಿಂದ ಯಾವನೋ ತೀರಿಹೋದ ಬೇಟೆಗಾರನ ಹಸಿರು ಟೋಪಿಯೂ ಬಂತು. ಟೋಪಿಗೆ ಒಂದು ಗರಿ ಇತ್ತು. ಇಷ್ಟು ಸಂಪತ್ತಿನೊಂದಿಗೆ ಅವನು ಹಿತ್ತಲಲ್ಲಿ ಗುಡಾರ ಹೊಡೆದು ಒಂದೇ ಒಂದು ಸಂಜೆ ಅದರೊಳಗೆ ಮಲಗಿದ. ಇಗೆಲ್ ಎಂಬ, ಮೈತುಂಬ ಮುಳ್ಳಿರುವ ಅಂಗೈಯಗಲದ ಬಡಪ್ರಾಣಿಯೊಂದು ಒಳಗೆ ಮೂಗು ತೂರಿಸಿತು. ಬಸವಪ್ರಸಾದ ಗುಡಾರದ ಬಾಗಿಲು ಎಲ್ಲಿದೆಯೆಂದು ಹುಡುಕದೆ ಗುಡಾರದ ಸಮೇತ ಮನೆಗೆ ಓಡಿಬಂದ.

ಬೇಲಿಯಾಚೆಯ ಹೆರ್ ಡೀಟ್ಲ್, ಅಂದರೆ ಶ್ರೀಮಾನ್ ಡೀಟ್ಲ್, ಅದನ್ನು ನೋಡಲಿಲ್ಲ, ನೋಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಡೀಟ್ಲ್ ಅಂಚೆ ಇಲಾಖೆಯಿಂದ ನಿವೃತ್ತನಾದ ಮುದುಕ. ಊರ ಪಕ್ಕದ ಕಾಡಿನ ಬೇಟೆಯ ಗುತ್ತಿಗೆ ಅವನ ಹೆಸರಿನಲ್ಲಿತ್ತು. ಜರ್ಮನಿಯಲ್ಲಿ ಬಂದೂಕು ಹಿಡಿದು ಸುಮ್ಮನೆ ಕಾಡಿಗೆ ನುಗ್ಗುವಂತಿಲ್ಲ. ದೊಡ್ಡ ಪರೀಕ್ಷೆ ಪಾಸು ಮಾಡಬೇಕು, ಪರವಾನಗಿ ಪಡೆಯಬೇಕು, ಅದಿಲ್ಲದೆ ಬೇಟೆಯಾಡಿದವನಿಗೆ ಜೈಲು. ಯಾರ ಕಾರಿಗಾದರೂ ಜಿಂಕೆ ಬಡಿದರೆ ಪೊಲೀಸರಿಗೆ ತಿಳಿಸಬೇಕು, ಪೊಲೀಸರು ಡೀಟ್ಲನನ್ನು ಕರೆಯಬೇಕು, ಡೀಟ್ಲ್ ತನ್ನ ನಾಯಿಯೊಂದಿಗೆ ಬಂದು ಗಾಯಗೊಂಡ ಪ್ರಾಣಿಯನ್ನು ಹುಡುಕಿ ಅದರ ನರಳಾಟ ನಿಲ್ಲಿಸಬೇಕು. ತಿಳಿಸದೆ ಓಡಿಹೋದವನನ್ನು ಆ ಊರಿನವರು ಮನುಷ್ಯರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಡೀಟ್ಲ್ ಬೇಲಿಯ ಮೇಲಿಂದ ಇಣುಕಿದ. ಹಸಿರು ಟೋಪಿ ನೋಡಿದ, ಚಾಕು ನೋಡಿದ, ಕೊಡಲಿ ನೋಡಿದ.

"ನೀವು ಬೇಟೆಗಾರರೇ?"

ಇಲ್ಲ ಎಂಬುದು ಜರ್ಮನ್ ಭಾಷೆಯಲ್ಲೂ ಚಿಕ್ಕ ಶಬ್ದವೇ. ಬಸವಪ್ರಸಾದನಿಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೂ ಅವನು "ಹೌದು, ಮನೆತನದಿಂದ ಬಂದದ್ದು. ನಮ್ಮ ಅಜ್ಜ ಚಿರತೆ ಹೊಡೆಯುತ್ತಿದ್ದರು" ಎಂದುಬಿಟ್ಟ. ಡೀಟ್ಲ್ ಟೋಪಿಯ ಅಂಚು ಮುಟ್ಟಿ ವಂದಿಸಿದ. ಆ ದೇಶದಲ್ಲಿ ಬಸವಪ್ರಸಾದನಿಗೆ ಸಿಕ್ಕ ಮೊದಲ ವಂದನೆ ಅದು. ಮುಂದಿನ ವಾರ ಚಿರತೆ ಹುಲಿಯಾಯಿತು. ಅದರ ಮುಂದಿನ ವಾರ ಅಜ್ಜನ ಜೊತೆ ಚಿಕ್ಕ ಹುಡುಗ ಬಸವಪ್ರಸಾದನೂ ಮರದ ಮೇಲೆ ಕೂತಿದ್ದ. ಇದನ್ನೆಲ್ಲ ಹೇಳುತ್ತಿದ್ದವನು ಬ್ರೆಡ್ಡಿನಲ್ಲಿ ಮೊಟ್ಟೆ ಇದೆಯೇ ಎಂದು ಅಂಗಡಿಯವಳ ಜೀವ ತಿನ್ನುವ, ಕೊರಳಲ್ಲಿ ಲಿಂಗ ಕಟ್ಟಿಕೊಂಡ ಗುಳೇದಗುಡ್ಡದ ಲಿಂಗವಂತ.

ನವರಾತ್ರಿಯ ಹೊತ್ತಿಗೆ ಅವನ ತಾಯಿ ಗುರವ್ವ ಊರಿನಿಂದ ಬಂದರು. ಅದೇ ಸಮಯಕ್ಕೆ ಅವನ ವೀಸಾ ಅವಧಿಯೂ ಮುಗಿಯಲು ಬಂದಿತ್ತು. ಬುಧವಾರ ಆಸ್ಲೆಂಡರ್‌ಆಮ್ಟ್‌ಗೆ, ಅಂದರೆ ನಮ್ಮಂಥ ಪರದೇಶಿಗಳ ಹಣೆಬರಹ ಬರೆಯುವ ಕಚೇರಿಗೆ, ಅವನು ಹಾಜರಾಗಬೇಕಿತ್ತು. ಪೊಲೀಸರ ಬಾಯಲ್ಲಿ ನಿಮ್ಮ ಹೆಸರು ಒಮ್ಮೆ ಬಂದರೂ ಅಲ್ಲಿ ಠಸ್ಸೆ ಬೀಳುವುದಿಲ್ಲವೆಂದು ನಮ್ಮ ನಡುವೆ ನಂಬಿಕೆ. ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ ಬೇರೆ. ಠಸ್ಸೆ ಬೀಳದಿದ್ದರೆ ಕೀರ್ತಿ, ಪವಿ, ಗುಡಾರ ಎಲ್ಲವನ್ನೂ ಕಟ್ಟಿಕೊಂಡು ವಿಮಾನ ಹತ್ತಬೇಕಿತ್ತು.

"ವೀಸಾ ಸಿಗೂದು ಬಿಡೂದು ಆಮ್ಯಾಲೆ," ಎಂದರು ಗುರವ್ವ. "ಮನ್ಯಾಗ ಇಷ್ಟು ಕಬ್ಬಿಣ ಅದಾವ, ಒಂದಕ್ಕರೆ ಕುಂಕುಮ ಹಚ್ಚೀರೇನು? ಖಂಡೇಪೂಜಿ ಮಾಡಲಾರದ ಮನಿಗೆ ಯಾವ ಸಾಹೇಬ ಠಸ್ಸೆ ಹೊಡೀತಾನ?"

ಭಾನುವಾರ ಖಂಡೇಪೂಜೆ, ಅಂದರೆ ನಮ್ಮ ಮೈಸೂರಿನ ಕಡೆಯ ಆಯುಧಪೂಜೆ, ಎಂದು ನಿಶ್ಚಯವಾಯಿತು. ಹೋಳಿಗೆಗೆ ನನ್ನನ್ನೂ ಕರೆದರು. ನಾನು ಹೋಗುವಷ್ಟರಲ್ಲಿ ಹಿತ್ತಲಲ್ಲಿ ಟಾರ್ಪಾಲು ಹಾಸಿ, ಅದರ ಮೇಲೆ ಕೊಡಲಿ, ಚಾಕು, ಗರಗಸ, ಸುತ್ತಿಗೆ, ಗುಡಾರದ ಗೂಟಗಳನ್ನೆಲ್ಲ ಜೋಡಿಸಿಟ್ಟಿದ್ದರು. ಗುರವ್ವ ಒಂದೊಂದಕ್ಕೂ ವಿಭೂತಿ ಬಳಿದು, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಧಾರಾಳವಾಗಿ ಮೆತ್ತಿದ್ದರು. ಎಣ್ಣೆ ಕುಂಕುಮ ಕೊಡಲಿಯ ಬಾಯಿಯಿಂದ ಇಳಿದು ಟಾರ್ಪಾಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಲ್ಯಾಪ್‌ಟಾಪಿಗೂ ಒಂದು ಬೊಟ್ಟು ಬಿದ್ದಿತ್ತು.

ಇನ್ನು ಕಾರು. ಹಿಂದಿನ ವಾರವಷ್ಟೇ ಬಸವಪ್ರಸಾದ ಅದನ್ನು ಕಸದ ಡಬ್ಬಕ್ಕೆ ಗುದ್ದಿ ಮುಂದಿನ ದೀಪವೊಂದನ್ನು ಒಡೆದುಕೊಂಡಿದ್ದ. ಗುರವ್ವನ ಪ್ರಕಾರ ಅದು ದೃಷ್ಟಿ, ದೃಷ್ಟಿಗೆ ಕುಂಬಳಕಾಯಿಯೇ ಮದ್ದು. ಬೂದುಗುಂಬಳ ಸಿಗದಿದ್ದರೂ ರಸ್ತೆ ಬದಿಯ ರೈತನ ಗೂಡಂಗಡಿಯಿಂದ ಕೇಸರಿ ಬಣ್ಣದ ಎರಡು ಕುಂಬಳಕಾಯಿ ತಂದಿದ್ದರು. ಸಣ್ಣದು ಪಲ್ಯಕ್ಕೆ, ದೊಡ್ಡದು ದೃಷ್ಟಿಗೆ. ದೊಡ್ಡದಕ್ಕೆ ತೂತು ಕೊರೆದು, ಅರಿಷಿಣಕ್ಕೆ ಊರಿನಿಂದ ತಂದಿದ್ದ ಎಲೆಅಡಿಕೆಯ ಸುಣ್ಣ ಬೆರೆಸಿದ ಕೆಂಪು ನೀರನ್ನೂ ಕುಂಕುಮವನ್ನೂ ತುಂಬಿಸಿದರು. ಬಸವಪ್ರಸಾದ ಅದನ್ನು ಎತ್ತಿ ಕಾರಿಗೆ ಸುತ್ತಿಸಿದ. ಹಬ್ಬವೆಂದು ಜುಬ್ಬ ತೊಟ್ಟಿದ್ದ, ಚಳಿಯೆಂದು ಹಸಿರು ಟೋಪಿ ಹಾಕಿದ್ದ.

"ನೈನ್, ಓಮಾ! ಹೊಯ್ಟೆ ಇಸ್ಟ್ ಜೊನ್‌ಟಾಗ್!" ಎಂದು ಪವಿ ಗಾಬರಿಯಿಂದ ಕೂಗಿದಳು. ಬೇಡ ಅಜ್ಜಿ, ಇವತ್ತು ಭಾನುವಾರ ಎಂದು ಅರ್ಥ. ಭಾನುವಾರ ಸದ್ದು ಮಾಡಬಾರದೆಂದು ಕಿಂಡರ್‌ಗಾರ್ಟನ್ನಿನಲ್ಲಿ ಅವಳಿಗೆ ಕಲಿಸಿದ್ದರು.

"ದೃಷ್ಟಿಗೆ ರವಿವಾರ ಸೂಟಿ ಇರ್ತದೇನ? ಒಗಿಯೋ!" ಎಂದರು ಗುರವ್ವ.

ಬಸವಪ್ರಸಾದ ಒಗೆದ. ಕುಂಬಳಕಾಯಿ ಛಿದ್ರವಾಯಿತು. ಕೆಂಪು ನೀರು ಕಾರಿನ ಬಂಪರ್ರಿಗೆ, ಒಡೆದ ದೀಪಕ್ಕೆ, ಬಾನೆಟ್ಟಿಗೆ, ಬೀದಿಯ ಅರ್ಧ ಅಗಲಕ್ಕೆ ಚಿಮ್ಮಿತು. ಇನ್ನು ಕಾಯಿಯ ಹೋಳುಗಳನ್ನು ಹಸಿ ಕಸದ ಡಬ್ಬಕ್ಕೆ ಹಾಕಿದ್ದರೆ ನಾವೆಲ್ಲ ಸುಖವಾಗಿ ಉಣ್ಣಲು ಕೂರಬಹುದಿತ್ತು.

"ದೃಷ್ಟಿ ತಗದಿದ್ದನ್ನ ಮನಿ ಅಂಗಳದಾಗ ಇಟ್ಕೋತಾರೇನ?" ಎಂದು ಗುರವ್ವ ತಡೆದರು. "ಮೂರು ದಾರಿ ಕೂಡೂ ಜಾಗದಾಗ ಚೆಲ್ಲಿ ಬಾ. ಯಾರರೆ ಕರದ್ರ ಓ ಅನಬ್ಯಾಡ. ಹೊಳ್ಳಿ ನೋಡಬ್ಯಾಡ."

ಆ ಊರಿನಲ್ಲಿ ಮೂರು ದಾರಿ ಕೂಡುವುದು ಕಾಡಿನ ಅಂಚಿನಲ್ಲಿ. ಬಸವಪ್ರಸಾದ ಹೋಳುಗಳನ್ನು ಗೋಣಿಚೀಲಕ್ಕೆ ತುಂಬಿ, ಭಾರ ಹೊರಲಾರದೆ ಎಳೆದುಕೊಂಡು ಹೊರಟ. ಚೀಲ ದಾರಿಯುದ್ದಕ್ಕೂ ಕೆಂಪಗೆ ಸೋರುತ್ತಿತ್ತು. ಎದುರುಮನೆಯ ಫ್ರೌ ಬ್ರಾಂಡ್ಲ್ ಎಂಬ ಹೆಂಗಸು ಕಿಟಕಿ ತೆರೆದು, "ನೆರೆಯವರೇ, ನಿಮ್ಮ ಚೀಲದಿಂದ ಏನೋ ಸೋರುತ್ತಿದೆ!" ಎಂದು ಕೂಗಿದಳು. ತಾಯಿಯ ಮಾತು ಮೀರದ ಮಗ ಅವನು. ಓ ಎನ್ನಲಿಲ್ಲ, ಹೊಳ್ಳಿ ನೋಡಲಿಲ್ಲ. ಅವಳು ಇನ್ನೊಮ್ಮೆ ಕೂಗಿದಾಗ ಓಡತೊಡಗಿದ.

ಫ್ರೌ ಬ್ರಾಂಡ್ಲ್ ಕೆಳಗಿಳಿದು ಬಂದು ಒಡೆದ ದೀಪ ನೋಡಿದಳು. ಬಂಪರ್ ನೋಡಿದಳು. ಬೇಲಿಯ ಸಂದಿಯಿಂದ ಹಿತ್ತಲನ್ನು ನೋಡಿದವಳು ಎದೆ ಹಿಡಿದುಕೊಂಡು ಮನೆಯೊಳಕ್ಕೆ ಓಡಿ ಫೋನಿನ ಬಳಿ ಹೋದಳು.

ಎಲೆಗೆ ಹೋಳಿಗೆ ಬಿದ್ದು, ಹೋಳಿಗೆಯ ಮೇಲೆ ತುಪ್ಪ ಬೀಳುವುದರಲ್ಲಿತ್ತು. ಆಗ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ಇಬ್ಬರು ಪೊಲೀಸರು, ಒಬ್ಬ ಮೀಸೆಯ ಹಿರಿಯ, ಒಬ್ಬ ಎಳೆಯ. ಅವರ ಹಿಂದೆ ಬಂದೂಕು ಹೆಗಲಿಗೇರಿಸಿ ನಾಯಿ ಹಿಡಿದುಕೊಂಡ ಹೆರ್ ಡೀಟ್ಲ್. ಅವನ ಮುಖ ಸಾವಿನ ಮನೆಗೆ ಬಂದವನ ಹಾಗಿತ್ತು. ಬಸವಪ್ರಸಾದ ತುಪ್ಪದ ಮಿಳ್ಳೆ ಹಿಡಿದೇ ಬಾಗಿಲಿಗೆ ಬಂದಿದ್ದ.

"ಪ್ರಾಣಿ ಎಲ್ಲಿದೆ?" ಎಂದ ಹಿರಿಯ ಪೊಲೀಸ್.

"ಯಾವ ಪ್ರಾಣಿ?"

"ನಿಮ್ಮ ಕಾರಿಗೆ ಬಡಿದದ್ದು."

"ಕಾರಿಗೆ ಬಡಿದದ್ದು ಕಸದ ಡಬ್ಬ."

"ಕಸದ ಡಬ್ಬಕ್ಕೆ ಇಷ್ಟು ರಕ್ತ ಬಂತೇ?"

"ಅದು ರಕ್ತ ಅಲ್ಲ. ಕುಂಬಳಕಾಯಿ."

"ಕುಂಬಳಕಾಯಿಗೆ ರಕ್ತ ಬರುವುದಿಲ್ಲ," ಎಂದ ಪೊಲೀಸ್, ಕಾನೂನು ಪುಸ್ತಕದಲ್ಲಿ ಹಾಗೆ ಬರೆದಿದೆ ಎಂಬಷ್ಟು ದೃಢವಾಗಿ. "ಸರಿ, ಆ ಕುಂಬಳಕಾಯಿ ಎಲ್ಲಿದೆ?"

"ಕಾಡಿನಲ್ಲಿ."

"ಕಾಡಿನಲ್ಲೇಕೆ?"

"ಮೂರು ದಾರಿ ಕೂಡುವುದು ಅಲ್ಲೇ."

ಪೊಲೀಸರಿಬ್ಬರೂ ಪರಸ್ಪರ ಮುಖ ನೋಡಿಕೊಂಡರು. ಎಳೆಯವನು ಹಿತ್ತಲಿಗೆ ಹೋಗಿ ಬಿಳಿಚಿಕೊಂಡು ಮರಳಿದ. ಕೊಡಲಿ, ಗರಗಸ, ಚಾಕು, ಸುತ್ತಿಗೆ ಎಂದು ಅವನು ಒಂದೊಂದಾಗಿ ವರದಿ ಮಾಡಿದ, ಎಲ್ಲದಕ್ಕೂ ಬಳಿದಿದೆ ಎಂದ. ಆಮೇಲೆ ದನಿ ತಗ್ಗಿಸಿ, ಕಂಪ್ಯೂಟರಿಗೂ ಎಂದ.

"ಏನಂತ ಕೇಳಾಕತ್ತಾರ ಅವರು?" ಗುರವ್ವ ನನ್ನನ್ನು ಕೇಳಿದರು.

"ಏನಿಲ್ಲಮ್ಮ, ಕುಂಬಳಕಾಯಿ ನೋಡ್ಬೇಕಂತೆ," ಎಂದೆ. ಹಬ್ಬದ ದಿನ ಹಿರಿಯರ ಎದೆ ಒಡೆಯಬಾರದು.

ಮೆರವಣಿಗೆ ಕಾಡಿನತ್ತ ಹೊರಟಿತು. ಮುಂದೆ ನಾಯಿ, ಹಿಂದೆ ಡೀಟ್ಲ್, ಅವನ ಹಿಂದೆ ಪೊಲೀಸರ ನಡುವೆ ಬಸವಪ್ರಸಾದ, ಕೊನೆಗೆ ನಾನು. ಎರಡೂ ಬದಿಯ ಕಿಟಕಿಗಳಲ್ಲಿ ಊರಿಗೆ ಊರೇ ನಿಂತಿತ್ತು. ಬಸವಪ್ರಸಾದ ನನ್ನತ್ತ ತಿರುಗಿ, "ದ್ವಾರಕ, ಬುಧವಾರದ್ದು ಮುಗೀತೋ ನನ್ನ ಕಥಿ" ಎಂದು ಪಿಸುಗುಟ್ಟಿದ. ನಾಯಿ ರಕ್ತದ ವಾಸನೆ ಹಿಡಿಯುವುದರಲ್ಲಿ ಜಿಲ್ಲೆಗೇ ಹೆಸರುವಾಸಿಯಂತೆ. ಅದು ಹೆಜ್ಜೆಗೊಮ್ಮೆ ಸೀನುತ್ತ, ಸಂಶಯದಿಂದ ಯಜಮಾನನ ಮುಖ ನೋಡುತ್ತ ನಡೆಯಿತು.

ಮೂರು ದಾರಿ ಕೂಡುವಲ್ಲಿ ಗೋಣಿಚೀಲ ಬಿದ್ದಿತ್ತು, ಕೆಂಪಗೆ ನೆನೆದು. ಡೀಟ್ಲ್ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದ. ಟೋಪಿ ತೆಗೆದು ಎದೆಗೊತ್ತಿಕೊಂಡ. ಪಕ್ಕದ ಮರದಿಂದ ಒಂದು ಹಸಿರು ಚಿಗುರು ಮುರಿದುಕೊಂಡ. ಸತ್ತ ಜಿಂಕೆಯ ಬಾಯಿಗೆ ಕೊನೆಯ ತುತ್ತೆಂದು ಚಿಗುರು ಇಡುವುದು ಅಲ್ಲಿನ ಬೇಟೆಗಾರರ ಸಂಪ್ರದಾಯ. ಪೊಲೀಸರೂ ಟೋಪಿ ತೆಗೆದರು. ಬಸವಪ್ರಸಾದ ತೆಗೆಯದೆ ನಿಂತಿದ್ದನ್ನು ನೋಡಿ ನಾನೇ ಅವನ ಟೋಪಿ ತೆಗೆದೆ. ಡೀಟ್ಲ್ ಮಂಡಿಯೂರಿ, ಮುಖ ಅತ್ತ ತಿರುಗಿಸಿಕೊಂಡು, ಚೀಲದೊಳಗೆ ಕೈಯಿಟ್ಟು ಕೊನೆಯ ತುತ್ತನ್ನು ಇಟ್ಟ. ಅಲ್ಲಿ ಬಾಯಿ ಇರಲಿಲ್ಲ. ಅವನು ತಡವಿದ. ಇನ್ನೊಮ್ಮೆ ತಡವಿದ. ಆಮೇಲೆ ಚೀಲವನ್ನು ತಲೆಕೆಳಗು ಮಾಡಿದ.

ಕುಂಬಳಕಾಯಿಯ ಹೋಳುಗಳು ಅವನ ಮೊಣಕಾಲ ಮೇಲೆ ಉರುಳಿದವು. ದೊಡ್ಡ ಹೋಳೊಂದಕ್ಕೆ ಹಸಿರು ಚಿಗುರು ಸಿಕ್ಕಿಕೊಂಡಿತ್ತು.

ಡೀಟ್ಲ್‌ನ ಬಾಯಿ ತೆರೆದದ್ದು ತೆರೆದೇ ಇತ್ತು. ತನ್ನ ಜೀವಮಾನದಲ್ಲಿ ಅವನು ಎಂತೆಂಥ ಪ್ರಾಣಿಗಳಿಗೋ ಕೊನೆಯ ತುತ್ತು ಇಟ್ಟಿರಬೇಕು, ತರಕಾರಿಗೆ ಇಟ್ಟಿರಲಾರ. ನಾನು ಎಲ್ಲ ಸರಿಹೋಯಿತೆಂದು ನಿಟ್ಟುಸಿರು ಬಿಟ್ಟೆ, ಇಷ್ಟು ಹೊತ್ತಿಗೆ ಹೋಳಿಗೆ ಆರಿದ್ದರೂ ಬಿಸಿ ಮಾಡಿಕೊಳ್ಳಬಹುದು ಎಂದುಕೊಂಡೆ.

"ಬುದ್ಧಿವಂತ," ಎಂದ ಎಳೆಯ ಪೊಲೀಸ್.

"ಯಾರು?" ಎಂದ ಹಿರಿಯ.

"ಈ ಮನುಷ್ಯ. ಪ್ರಾಣಿ ಇನ್ನೆಲ್ಲೋ ಇದೆ. ನಾಯಿಯ ದಾರಿ ತಪ್ಪಿಸಲು ಕುಂಬಳಕಾಯಿಗೆ ಬಣ್ಣ ಬಳಿದು ಇಲ್ಲಿ ತಂದು ಹಾಕಿದ್ದಾನೆ. ಇಂಥ ಉಪಾಯ ಸಾಮಾನ್ಯರಿಗೆ ಹೊಳೆಯುವುದಿಲ್ಲ. ಪಳಗಿದ ಬೇಟೆಗಾರನಿಗೆ ಮಾತ್ರ ಹೊಳೆಯುತ್ತದೆ."

ಡೀಟ್ಲ್ ನಿಧಾನವಾಗಿ ಎದ್ದು ನಿಂತ. "ಇವರ ಅಜ್ಜ ಹುಲಿ ಹೊಡೆಯುತ್ತಿದ್ದರು," ಎಂದ ಭಾರವಾದ ದನಿಯಲ್ಲಿ. "ಇವರೂ ಮರದ ಮೇಲೆ ಕೂತಿರುತ್ತಿದ್ದರು. ನನಗೆ ಇವರೇ ಹೇಳಿದ್ದಾರೆ."

ಹಿರಿಯ ಪೊಲೀಸನ ಮೀಸೆ ಬಿಗಿಯಿತು. "ಇಲ್ಲಿ ಬೇಟೆಯ ಪರವಾನಗಿ ಇದೆಯೇ ನಿಮ್ಮ ಹತ್ತಿರ?"

"ಇಲ್ಲ."

"ಹಾಗಾದರೆ ನಾಳೆ ಬೆಳಿಗ್ಗೆ ನಾವು ಆಸ್ಲೆಂಡರ್‌ಆಮ್ಟ್‌ಗೂ ತಿಳಿಸಬೇಕಾಗುತ್ತದೆ."

ಬಸವಪ್ರಸಾದ ಅಲ್ಲೇ ಕುಂಬಳಕಾಯಿಯ ಪಕ್ಕ ಕುಕ್ಕರಿಸಿದ. ಅಜ್ಜನ ಹುಲಿ ತಡವಾಗಿಯಾದರೂ ಬಂದು ಮೊಮ್ಮಗನನ್ನು ಹಿಡಿದಿತ್ತು.

ಮನೆಗೆ ಮರಳಿದಾಗ ಗುರವ್ವ ಬಾಗಿಲಲ್ಲೇ ನಿಂತಿದ್ದರು. ಮಗನ ಮುಖ ನೋಡಿದವರೇ ನನ್ನ ತೋಳು ಹಿಡಿದರು. "ತಮ್ಮಾ, ಖರೇ ಹೇಳು. ನನ್ನ ಮಗ ಏನ್ ಮಾಡ್ಯಾನ?"

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಜಿಂಕೆ ಕೊಂದು ಬಚ್ಚಿಟ್ಟಿದಾನೆ ಅಂತಾರಮ್ಮ. ಇವನೇ ಆ ಪಕ್ಕದ ಮನೆಯವರ ಹತ್ರ ನಾವು ಬೇಟೆಗಾರರು, ನಮ್ಮಜ್ಜ ಹುಲಿ ಹೊಡೀತಿದ್ರು ಅಂತ ಹೇಳ್ಕೊಂಡಿದ್ನಂತೆ. ಅದಕ್ಕೇ ಯಾರೂ ನಂಬ್ತಿಲ್ಲ."

ಗುರವ್ವ ಹೌಹಾರಿದರು. ಕೈ ತಾನಾಗಿ ಕೊರಳಿನ ಲಿಂಗದ ಮೇಲೆ ಹೋಯಿತು. ಪೊಲೀಸರು ಬಂದಾಗ ಹೆದರದ ಹೆಂಗಸು ಈಗ ಬೆವೆತುಹೋದರು.

"ಯಾವ ಅಜ್ಜನೋ? ನಮ್ಮ ಸಿದ್ದಯ್ಯ ಮಾವಾರನ? ಯಪ್ಪಾ ಶಿವನ! ಅವರು ಮಗ್ಗದಾಗ ಜ್ಯಾಡ ಗೂಡು ಕಟ್ಟೇತಂತ, ಅದು ತಾನಾಗೇ ಎದ್ದು ಹೋಗೂತನಕ ಖಣಾ ನೇಯೂದು ಬಿಟ್ಟು ಕುಂತಿದ್ರು. ಮನ್ಯಾಗ ಗಂಜಿ ಕುಡದ್ವಿ ನಾವು. ಅಂಥವರ ಕೈಯಾಗ ಬಂದೂಕ ಕೊಟ್ಟೀಯೇನೋ ನೀನು? ನಾಕು ಮಂದಿ ಶಾಬಾಸ್ ಅನ್ಲಿ ಅಂತ?"

"ಅವ್ವಾ, ಸುಮ್ನ ಮಾತಿಗೆ ಅಂದಿದ್ದೆ..."

"ಸುಮ್ನ ಅಂದಿದ್ದನ್ನ ಈಗ ಸುಮ್ನ ವಾಪಸ್ ತಗೋ. ಇವರೆಲ್ಲರ ಮುಂದ. ವೀಸಾ ಹ್ವಾದ್ರ ಹೋಗ್ಲಿ, ನನ್ನ ಮಾವನ ಮ್ಯಾಲ ಒಂದ ಹುಲಿ ಹೆಣಾನೂ ಇರಬಾರದು."

ಬಸವಪ್ರಸಾದ ತಲೆ ತಗ್ಗಿಸಿ ಜರ್ಮನ್‌ನಲ್ಲಿ ಹೇಳತೊಡಗಿದ. ಅಜ್ಜ ನೇಕಾರ. ಮನೆಯಲ್ಲಿ ಯಾರೂ ಮೊಟ್ಟೆ ಕೂಡ ಮುಟ್ಟುವುದಿಲ್ಲ. ಹುಲಿಯನ್ನು ನೋಡಿದ್ದು ಮೃಗಾಲಯದಲ್ಲಿ, ಅದೂ ಅಪ್ಪನ ಹೆಗಲ ಮೇಲೆ ಕೂತು. ಹುಲಿಯಿಂದ ಒಮ್ಮೆ ಇಳಿದ ಮೇಲೆ ಅವನಿಗೆ ನಿಲ್ಲಲಾಗಲಿಲ್ಲ, ಗುಡಾರದಲ್ಲಿ ಇಗೆಲ್ ಮೂಗು ತೂರಿಸಿದ್ದನ್ನೂ, ತಾನು ಗುಡಾರ ಹೊತ್ತು ಓಡಿದ್ದನ್ನೂ ಹೇಳಿಬಿಟ್ಟ. ಕೀರ್ತಿ ಮುಖ ಮುಚ್ಚಿಕೊಂಡಳು. ಪವಿ ಮಾತ್ರ "ಯಾ, ಪಾಪಾ ಹಾಟ್ ಗೆಶ್ರೀನ್!" ಎಂದು ಸಾಕ್ಷಿ ನುಡಿದಳು, ಹೌದು, ಅಪ್ಪ ಕಿರುಚಿದ ಎಂದು.

ಡೀಟ್ಲ್ ಅಲ್ಲೇ ಇದ್ದ ಗುಡಾರದ ಗಂಟಿನ ಮೇಲೆ ಕುಸಿದು ಕೂತ. ಜಿಂಕೆ ಸತ್ತಿದ್ದರೂ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ. "ಒಂದು ಹುಲಿಯೂ ಇಲ್ಲವೇ?" ಎಂದ.

"ಒಂದೂ ಇಲ್ಲ."

"ನಮ್ಮ ಬೇಟೆಗಾರರ ಸಂಘದಲ್ಲಿ ಮುಂದಿನ ತಿಂಗಳು ನಿಮ್ಮ ಭಾಷಣ ಇಟ್ಟಿದ್ದೆ. ಪಕ್ಕದ ಊರಿನವರೂ ಬರುವವರಿದ್ದರು."

ಹಿರಿಯ ಪೊಲೀಸ್ ಗಂಟಲು ಸರಿಮಾಡಿಕೊಂಡ. ಇಗೆಲ್ ಕಥೆಯನ್ನು ಯಾವ ಬೇಟೆಗಾರನೂ ತನ್ನ ಮೇಲೆ ತಾನೇ ಕಟ್ಟಿಕೊಳ್ಳುವುದಿಲ್ಲವೆಂದು ಅವನಿಗೂ ಅನಿಸಿತ್ತು. ಆದರೂ ಕಾರಿನ ಮೇಲಿನ ಕೆಂಪು ಹೇಗೆ ಬಂತೆಂದು ಕಣ್ಣಾರೆ ನೋಡದೆ ತಾನು ಏನನ್ನೂ ಒಪ್ಪುವಂತಿಲ್ಲ, ಮಾಡಿ ತೋರಿಸಿ ಎಂದ. ನಾನು ಅದನ್ನು ಗುರವ್ವನಿಗೆ ಹೇಳಿದೆ.

"ಅಷ್ಟ ಹೌದಿಲ್ಲೋ? ಕೀರ್ತಿ, ಪಲ್ಯಾದ ಕುಂಬಳಕಾಯಿ ತಗೊಂಬಾ," ಎಂದು ಗುರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ತೂತು ಕೊರೆದರು, ನೀರು ತುಂಬಿದರು, ಅರಿಷಿಣ ಹಾಕಿದರು, ಸುಣ್ಣ ಹಾಕಿದರು, ಅದು ಕೆಂಪಾದಾಗ ಇಬ್ಬರು ಪೊಲೀಸರೂ ಒಂದು ಹೆಜ್ಜೆ ಹಿಂದೆ ಸರಿದರು. ಗುರವ್ವ ಕುಂಕುಮದ ಡಬ್ಬಿಯನ್ನೂ ಬೋರಲು ಹಾಕಿದರು. ಆದರೆ ಬೀದಿಗೆ ಬಂದ ಮೇಲೆ ಮಗನ ಕಾರಿನ ಕಡೆ ತಿರುಗಿಯೂ ನೋಡಲಿಲ್ಲ.

"ಒಂದ ಗಾಡಿಗೆ ಒಂದ ದಿನ ಎರಡು ಸಲ ದೃಷ್ಟಿ ತಗೀಬಾರದು. ಕೇಡು," ಎಂದು ಸೀದಾ ಹಸಿರು ಬಿಳಿ ಬಣ್ಣದ ಪೊಲೀಸ್ ಕಾರಿನ ಮುಂದೆ ಹೋಗಿ ನಿಂತರು. "ಪಾಪ, ಇದಕ್ಕ ಯಾರೂ ಪೂಜಿ ಮಾಡಿಲ್ಲ. ಎಷ್ಟು ಮಂದಿ ಕಣ್ಣು ಬಿದ್ದಿರ್ತಾವ ಏನೋ."

"ತಾಯಿಯವರು ಏನು ಮಾಡುತ್ತಿದ್ದಾರೆ?" ಎಳೆಯ ಪೊಲೀಸ್ ಚೀರಿದ.

"ಆಶೀರ್ವಾದ," ಎಂದೆ. ಜರ್ಮನ್‌ನಲ್ಲಿ ದೃಷ್ಟಿಗೆ ಬೇರೆ ಶಬ್ದ ನನಗೆ ಗೊತ್ತಿರಲಿಲ್ಲ.

ಹಿರಿಯ ಪೊಲೀಸ್ ಕೈಯೆತ್ತಿ ಅವನನ್ನು ಸುಮ್ಮನಾಗಿಸಿದ. ಗುರವ್ವ ಕಾರನ್ನು ಸುತ್ತಿದರು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಬಂಪರ್ರಿಗೆ ವಿಭೂತಿ ಎಳೆದರು. ಆಮೇಲೆ ಕುಂಬಳಕಾಯಿಯನ್ನು ತಲೆಯ ಮೇಲಕ್ಕೆತ್ತಿ, "ಹರ ಹರ ಮಹಾದೇವ!" ಎಂದು ಅಪ್ಪಳಿಸಿದರು.

ಮಗನಿಗಿಂತ ತಾಯಿಯ ತೋಳಿನಲ್ಲಿ ಬಲ ಹೆಚ್ಚಿತ್ತು. ಕೆಂಪು ನೀರು ಬಂಪರ್ ದಾಟಿ, ಬಾನೆಟ್ ದಾಟಿ, ಗಾಜು ದಾಟಿ, ಮೇಲಿನ ನೀಲಿ ದೀಪದವರೆಗೂ ಹೋಯಿತು. ಬಾಗಿಲ ಮೇಲಿನ ಪೊಲೀಸ್ ಎಂಬ ಅಕ್ಷರಗಳಿಂದ ಒಂದೊಂದೇ ಹನಿ ಇಳಿಯಿತು. ಎಳೆಯ ಪೊಲೀಸನ ಪ್ಯಾಂಟು ಮೊಣಕಾಲಿನವರೆಗೂ ಕೆಂಪಾಯಿತು. ಫ್ರೌ ಬ್ರಾಂಡ್ಲ್ ಕಿಟಕಿಯ ಪರದೆ ಎಳೆದುಕೊಂಡಳು.

"ಕುಂಬಳಕಾಯಿಗೆ ರಕ್ತ ಬರುತ್ತದೆ," ಎಂದ ಹಿರಿಯ ಪೊಲೀಸ್ ಸಣ್ಣ ದನಿಯಲ್ಲಿ.

ಅವನು ಸುತ್ತಮುತ್ತ ನೋಡಿದ. "ತೊಳೆಯಬೇಕು," ಎಂದ.

"ಇವತ್ತು ಭಾನುವಾರ," ಎಂದ ಎಳೆಯವನು. ಭಾನುವಾರ ಕಾರು ತೊಳೆಯುವುದು ಆ ಸೀಮೆಯಲ್ಲಿ ನಿಷಿದ್ಧ. ಹಾಗೆ ತೊಳೆದವರನ್ನು ಹಿಡಿಯುತ್ತಿದ್ದವರು ಇವರೇ. ಪವಿ ಅವರ ಮಾತಿಗೆ ಗಂಭೀರವಾಗಿ ತಲೆಯಾಡಿಸಿದಳು.

ಪೊಲೀಸರು ಬೇರೆ ದಾರಿ ಕಾಣದೆ ಕಾರು ಹತ್ತಿದರು. ಗುರವ್ವ ನಿಂಬೆಹಣ್ಣಿನ ಮೇಲೆ ಹಾಯಿಸಿಕೊಂಡೇ ಹೋಗಬೇಕೆಂದು ಕೈಯಾಡಿಸಿ ತೋರಿಸಿದರು, ಅವರು ಹಾಗೆಯೇ ಹೋದರು. ದೂರು ಬರೆಯುತ್ತಾರೋ ಬಿಡುತ್ತಾರೋ ಒಂದೂ ಹೇಳಲಿಲ್ಲ. ಬಸವಪ್ರಸಾದ ಬೀದಿಯಲ್ಲಿ ನಿಂತೇ ಇದ್ದ, ನಾವೆಲ್ಲ ಅವನನ್ನು ಕೈಹಿಡಿದು ಒಳಗೆ ಕರೆತಂದೆವು. ಒಬ್ಬನೇ ಮನೆಗೆ ಹೋಗಲು ಮನಸ್ಸಾಗದೆ ಡೀಟ್ಲ್ ಕೂಡ ಬಂದು ನನ್ನ ಪಕ್ಕದ ಎಲೆಗೆ ಕೂತ. ಬಂದೂಕು ಮೂಲೆಯಲ್ಲಿತ್ತು, ನಾಯಿ ಇನ್ನೂ ಸೀನುತ್ತಿತ್ತು. ಗುರವ್ವ ಅವನಿಗೂ ಹೋಳಿಗೆ ಬಡಿಸಿ, "ಉಣ್ಣಪಾ, ಹುಲಿ ಇಲ್ಲಂದ್ರ ಏನಾತು" ಎಂದರು.

ನಾನು ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಡೀಟ್ಲ್‌ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವನು ಕೇಳುತ್ತ ಹೋದಂತೆ ಅವನ ಕಣ್ಣುಗಳು ದೊಡ್ಡವಾದವು.

"ಪಕ್ಕದ ಊರಿನಿಂದ," ಎಂದ. "ಒಂದು ಕಾರು ದೊಡ್ಡ ಪ್ರಾಣಿಗೆ ಗುದ್ದಿ ನಿಲ್ಲದೆ ಓಡಿಹೋಗಿದೆಯಂತೆ. ಮುಂಭಾಗವೆಲ್ಲ ರಕ್ತ. ನಾಯಿ ತೆಗೆದುಕೊಂಡು ತಕ್ಷಣ ಬರಬೇಕಂತೆ."

"ಯಾರ ಕಾರು?" ಎಂದ ಬಸವಪ್ರಸಾದ.

ಡೀಟ್ಲ್ ಉತ್ತರಿಸುವ ಮೊದಲೇ ಹೊರಗೆ ಬ್ರೇಕಿನ ಸದ್ದಾಯಿತು. ಬಾಗಿಲು ತೆರೆದರೆ ಅದೇ ಹಿರಿಯ ಪೊಲೀಸ್. ಟೋಪಿ ಕಂಕುಳಲ್ಲಿತ್ತು, ಮೀಸೆ ಇಳಿಬಿದ್ದಿತ್ತು. ಅವನು ಬಸವಪ್ರಸಾದನನ್ನು ದಾಟಿ ಸೀದಾ ಗುರವ್ವನ ಮುಂದೆ ಬಂದು, ಎಲ್ಲೋ ನೋಡಿ ಕಲಿತವನಂತೆ ಎರಡೂ ಕೈ ಜೋಡಿಸಿದ. ಆಮೇಲೆ ತಡೆತಡೆದು ಮಾತಾಡಿದ. ಬಸವಪ್ರಸಾದ ಎಲ್ಲ ಕೇಳಿ ತಾಯಿಯತ್ತ ತಿರುಗಿದ. ಬೆಳಿಗ್ಗೆಯಿಂದ ಮೊದಲ ಸಲ ಅವನ ಮುಖಕ್ಕೆ ಬಣ್ಣ ಬಂದಿತ್ತು.

"ಅವ್ವಾ," ಎಂದ, "ನಮ್ಮ ಮ್ಯಾಲ ಏನೂ ಬರಿಯೂದಿಲ್ಲಂತ. ನಮ್ಮದು ಬರದ್ರ ಅವರದೂ ಬರೀಬೇಕಾಗ್ತದಂತ. ಬುಧವಾರ ನಾವು ಚಿಂತಿ ಇಲ್ಲದ ಹೋಗಬಹುದಂತ. ಆದ್ರ ಈಗ ನೀ ಒಂದೀಟು ಅವರ ಠಾಣೆಕ್ಕ ಬರಬೇಕಂತ. ದೊಡ್ಡ ಸಾಹೇಬರು ವೈರ್‌ಲೆಸ್ಸಿನ್ಯಾಗ ಜಿಂಕಿ ಎಲ್ಲಿ ಬಚ್ಚಿಟ್ಟೀರಿ ಅಂತ ಬೈಯಾಕತ್ತಾರಂತ. ಕುಂಬಳಕಾಯಿ ಅಂದ್ರ ಯಾರೂ ನಂಬವಲ್ರಂತ."

ಗುರವ್ವ ಕೈ ತೊಳೆದುಕೊಂಡರು. ಸುಣ್ಣದ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿದರು, ಅರಿಷಿಣದ ಪೊಟ್ಟಣ ಎತ್ತಿಕೊಂಡರು, ಚಪ್ಪಲಿ ಮೆಟ್ಟಿದರು.

"ಬಾಯಿಲೆ ಹೇಳಿದ್ರ ಯಾರು ನಂಬ್ತಾರ? ತೋರಿಸೇ ಬಿಡೋಣು. ದಾರ್‍ಯಾಗ ಕುಂಬಳಕಾಯಿ ಅಂಗಡಿ ಮುಂದ ನಿಂದರಿಸಾಕ ಹೇಳು," ಎಂದರು. "ಮತ್ತ, ಠಾಣೆದಾಗ ಒಟ್ಟು ಎಷ್ಟು ಗಾಡಿ ಅದಾವ ಕೇಳು."